ನಾಲ್ಕು ಲಾರಿಯ ಬಿಲಿಯನ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಅಂಗೈಯಗಲದ ಒಂದು ಗುಲಾಬಿ ಚೀಟಿ.

ನರಗುಂದದ ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಕನಕರಾಜ ಸಾವ್ಕಾರರು ತಮ್ಮ ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿದ ಸಂಭ್ರಮಕ್ಕೆ ಒಂದು ಸ್ಪರ್ಧೆ ಇಟ್ಟಿದ್ದರು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೆಸರುಕಾಳಿನ ರಾಶಿ ಸುರಿದು, ಪಕ್ಕದಲ್ಲೊಂದು ಬೋರ್ಡು ನಿಲ್ಲಿಸಿದ್ದರು: ‘ತೂಕ ನಾಲ್ಕು ಕ್ವಿಂಟಲ್. ಕಾಳು ಎಷ್ಟು?’ ಉತ್ತರಕ್ಕೆ ಎಲ್ಲರಿಗಿಂತ ಹತ್ತಿರ ಬಂದವರಿಗೆ, ಮನೆಯಲ್ಲೇ ಇಟ್ಟುಕೊಂಡು ಬೀಸಬಹುದಾದ ಕರೆಂಟಿನ ಹಿಟ್ಟಿನ ಗಿರಣಿ. ಮನೆಗೆ ಒಂದೇ ಚೀಟಿ. ಸಂಜೆ ಐದಕ್ಕೆ ಫಲಿತಾಂಶ.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಹಿಂದೊಮ್ಮೆ ಭರಣಿಯೊಳಗಿನ ಶೇಂಗಾ ಎಣಿಸುವ ಸ್ಪರ್ಧೆ ಇಟ್ಟಾಗ ಜನ ಅಂಕಿಯಲ್ಲಿ ಬರೆದು, ಆಮೇಲೆ “ಇಲ್ಲೊಂದ್ ಸೊನ್ನಿ ಅಳಿಸಿ ಹೋಗೇತ್ರಿ” ಎಂದು ಸಾವ್ಕಾರರ ಅಂಗಿ ಹಿಡಿದು ಜಗ್ಗಿದ್ದರು. ಅದಕ್ಕೇ ಈ ಸಲ ಉತ್ತರ ಅಕ್ಷರದಲ್ಲಿ ಬರೆಯಬೇಕು. ಸಾವ್ಕಾರರು ಈಗ ದುಬೈಗೆ ಮಾಲು ಕಳಿಸುತ್ತಿದ್ದರಾದ್ದರಿಂದ ಇಂಗ್ಲಿಷಿನಲ್ಲೇ ಬರೆಯಬೇಕು. ಲಕ್ಷ, ಕೋಟಿ ದುಬೈಯಲ್ಲಿ ನಡೆಯುವುದಿಲ್ಲವಂತೆ. ಮಿಲಿಯನ್, ಬಿಲಿಯನ್ ಲೆಕ್ಕವೇ ಬೇಕಂತೆ.

ಆ ಯಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ಹಮಾಲಿ ಮಾಡುತ್ತಿದ್ದ ಹುಚ್ಚಪ್ಪ ಚೀಟಿಯನ್ನು ಮನೆಗೆ ತಂದು ಹೆಂಡತಿಯ ಮುಂದೆ ಹಿಡಿದ.

ಕಳಕವ್ವನಿಗೆ ಆ ಗಿರಣಿಯ ಮೇಲೆ ಎಷ್ಟು ಆಸೆಯಿತ್ತೆಂದು ಹೇಳದಿದ್ದರೆ ಕತೆ ಮುಂದೆ ಸಾಗುವುದಿಲ್ಲ. ಹೊಲದ ಕೂಲಿ ಮುಗಿಸಿ ಬಂದು, ನೋಯುವ ಮೊಣಕಾಲಿನ ಮೇಲೆಯೇ ಆಕೆ ಓಣಿಯ ಗಾಳೆವ್ವನ ಗಿರಣಿ ಮುಂದೆ ತಾಸುಗಟ್ಟಲೆ ಪಾಳಿ ಹಚ್ಚಬೇಕಿತ್ತು. ಗಾಳೆವ್ವ ಜೋಳ ಬೀಸುವ ಗಿರಣಿಯಲ್ಲೇ ಮೆಣಸಿನಕಾಯಿಯನ್ನೂ ಬೀಸುತ್ತಿದ್ದುದರಿಂದ, ಕಳಕವ್ವನ ಮನೆಯ ರೊಟ್ಟಿ ತಿಂದವರಿಗೆ ಪಲ್ಯವಿಲ್ಲದೆಯೂ ಮೂಗಿನಲ್ಲಿ ನೀರು ಬರುತ್ತಿತ್ತು. ಮನೆಯಲ್ಲೊಂದು ಗಿರಣಿ ಇದ್ದರೆ ನಾಲ್ಕು ಮಂದಿಗೆ ಬೀಸಿಕೊಟ್ಟು ಕೂಲಿಯನ್ನೇ ಬಿಡಬಹುದು ಎಂದು ಆಕೆ ವರ್ಷದಿಂದ ಹೇಳುತ್ತಿದ್ದಳು.

ಕಳಕವ್ವ ಸಾಲಿ ಮೆಟ್ಟಿಲು ಹತ್ತಿದವಳಲ್ಲ. ಆದರೆ ಆಕೆಯ ತಲೆಯೊಳಗೆ ಯಾವ ದೇವರು ಯಾವ ಯಂತ್ರ ಇಟ್ಟಿದ್ದನೋ! ಹಿಂದಿನ ದಿನವೇ ಪತ್ತಾರನ ಅಂಗಡಿಗೆ ಹೋಗಿ, ಬಂಗಾರದ ತಕ್ಕಡಿಯಲ್ಲಿ ಹತ್ತು ಗ್ರಾಂ ಹೆಸರುಕಾಳು ತೂಗಿಸಿ, ಎಣಿಸಿ ಬಂದಿದ್ದಳು. ಈಗ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಹೇಳಿದಳು:

“ಹತ್ತು ಗ್ರಾಮಿಗೆ ಎರಡನೂರಾ ಐವತ್ತು ಕಾಳು. ಅಂದ್ರ ಗ್ರಾಮಿಗೆ ಇಪ್ಪತ್ತೈದು. ಕಿಲೋಕ್ಕ ಇಪ್ಪತ್ತೈದ್ ಸಾವಿರ. ಕ್ವಿಂಟಲ್ಲಿಗೆ ಇಪ್ಪತ್ತೈದ್ ಲಕ್ಷ. ನಾಕು ಕ್ವಿಂಟಲ್ಲಿಗೆ ಬರೋಬ್ಬರಿ ಒಂದು ಕೋಟಿ.”

ರೊಟ್ಟಿ ಇನ್ನೂ ಹಂಚಿಗೆ ಬಿದ್ದಿರಲಿಲ್ಲ. ಹುಚ್ಚಪ್ಪ ಬಾಯಿ ತೆರೆದು ನೋಡುತ್ತ ನಿಂತ. ಮದುವೆಯಾಗಿ ಹದಿನೆಂಟು ವರ್ಷವಾದರೂ ಹೆಂಡತಿಯ ಲೆಕ್ಕ ಕೇಳಿದಾಗಲೆಲ್ಲ ಅವನಿಗೆ ಹೊಸದಾಗಿ ಹೆಮ್ಮೆ ಎನಿಸುತ್ತಿತ್ತು.

“ನನ್ನ ಕೆಲಸ ನಾ ಮಾಡೇನಿ,” ಎಂದಳು ಕಳಕವ್ವ. “ಆ ಕೋಟಿಗೆ ಇಂಗ್ಲಿಷ್‌ದಾಗ ಏನಂತಾರ ಅದೊಂದು ಶಬ್ದ ನೀವು ಬರೀರಿ. ಮೆಟ್ರಿಕ್ ಪಾಸಾದಾವ್ರು ಅಲ್ಲೇನ್ರಿ?”

ಹುಚ್ಚಪ್ಪ ಮೆಟ್ರಿಕ್ ಪಾಸಾದದ್ದು ಖರೇ. ಇಂಗ್ಲಿಷಿನಲ್ಲಿ ಮೂವತ್ತೈದು ಬಂದದ್ದೂ ಖರೇ. ಆ ಮೂವತ್ತೈದರಲ್ಲಿ ಮಿಲಿಯನ್, ಬಿಲಿಯನ್ ಸೇರಿದ್ದವೋ, ಉಳಿದ ಅರವತ್ತೈದರಲ್ಲಿ ಹೋಗಿದ್ದವೋ ನೆನಪಿರಲಿಲ್ಲ. “ಅದೇನ್ ದೊಡ್ಡ ಮಾತು” ಎಂದು ಹೇಳಿ ಹೊರಬಿದ್ದ.

ದಾರಿಯಲ್ಲಿ ಮೊಬೈಲನ್ನೇ ಬಾಯಿಯ ಹತ್ತಿರ ಹಿಡಿದು ಕೇಳಿದ. ಒಂದು ಕೋಟಿಗೆ ಇಂಗ್ಲಿಷಿನಲ್ಲಿ ‘ವನ್ ಕ್ರೋರ್’ ಎಂದು ಅದು ಬಹಳ ಮರ್ಯಾದೆಯಿಂದ ಹೇಳಿತು. ಕೋಟಿಗೆ ಇಂಗ್ಲಿಷ್ ಕೋಟು ತೊಡಿಸಿದರೂ ಅದು ದುಬೈಗೆ ಹೋಗುವುದಿಲ್ಲವೆಂದು ಚೀಟಿಯಲ್ಲೇ ಬರೆದಿತ್ತು. ಹುಚ್ಚಪ್ಪ ಮೊಬೈಲನ್ನು ಕಿಸೆಗೆ ಹಾಕಿ, ಯಾರ್ಡಿನ ಗೇಟಿನ ಪಕ್ಕದಲ್ಲಿದ್ದ ರಾಜರತ್ನನ ಝರಾಕ್ಸ್ ಅಂಗಡಿ ಹೊಕ್ಕ.

ರಾಜರತ್ನ ಊರಿನ ಅರ್ಧ ಲಗ್ನಪತ್ರಿಕೆಗಳನ್ನು ಟೈಪು ಮಾಡಿದವನು. ತನಗೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಇಲ್ಲಿಯವರೆಗೆ ಬಂದಿಲ್ಲ.

“ಹುಚ್ಚಪ್ಪಣ್ಣಾ, ಇದಕ್ಕ ಒಂದು ಸೂತ್ರ ಐತಿ,” ಎಂದ ಅವನು, ಕಿವಿಯ ಮೇಲಿನ ಪೆನ್ನು ತೆಗೆದು. “ಕಾಮಾ ಎಣಿಸಬೇಕು. ಒಂದು ಕಾಮಾ ಇದ್ರ ಥೌಸಂಡ್. ಎರಡು ಇದ್ರ ಮಿಲಿಯನ್. ಮೂರು ಇದ್ರ ಬಿಲಿಯನ್. ಇಡೀ ಜಗತ್ತು ಇದರ ಮ್ಯಾಲ ನಡದೈತಿ. ಕೋಟಿ ಬರದ್ ತೋರ್ಸು.”

ಹುಚ್ಚಪ್ಪ ಸಾಲಿಯಲ್ಲಿ ಕಲಿತಂತೆ ಚೊಕ್ಕವಾಗಿ ಬರೆದ: 1,00,00,000. ಇಬ್ಬರೂ ಬಾಗಿ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು. ಅನುಮಾನ ಬೇಡವೆಂದು ಬಲದಿಂದ ಎಡಕ್ಕೂ ಎಣಿಸಿದರು. ಮೂರೇ.

“ಬಿಲಿಯನ್!” ಎಂದ ರಾಜರತ್ನ.

ಚೀಟಿಯ ಮೇಲೆ ‘ವನ್ ಬಿಲಿಯನ್’ ಎಂದು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಮೂಡಿತು. ಹುಚ್ಚಪ್ಪ ಅದನ್ನು ಒಯ್ದು ಸಾವ್ಕಾರರ ಅಂಗಡಿ ಮುಂದಿನ ಡಬ್ಬಿಗೆ ಹಾಕಿದ. ಅದು ಹದಿನೈದು ಕಿಲೋ ಎಣ್ಣೆಯ ತಗಡಿನ ಡಬ್ಬಿ. ಮೇಲೆ ಚೀಟಿ ತೂರುವಷ್ಟು ಸೀಳಿ, ಬಾಯಿಗೆ ಕೀಲಿ ಜಡಿದು, ವಾಚಮನ್ ಪರಶಪ್ಪನನ್ನು ಪಕ್ಕದಲ್ಲಿ ಕೂಡ್ರಿಸಿದ್ದರು. ಹುಚ್ಚಪ್ಪ ಹೊಲದಲ್ಲಿದ್ದ ಹೆಂಡತಿಗೆ ಫೋನು ಹಚ್ಚಿದ.

“ಆತು ನೋಡು. ಕೋಟಿಗೆ ವನ್ ಬಿಲಿಯನ್ ಅಂತಾರ. ನೆನಪಿಟ್ಕೋ, ವನ್ ಬಿಲಿಯನ್.”

“ವನ್ ಬಿಲಿಯನ್,” ಎಂದು ಕಳಕವ್ವ ಮೂರು ಸಲ ಅಂದು ಬಾಯಿಪಾಠ ಮಾಡಿಕೊಂಡಳು.

ಮಧ್ಯಾಹ್ನದವರೆಗೆ ಹುಚ್ಚಪ್ಪನಿಗೆ ಚೀಲಗಳು ಹತ್ತಿಯಂತೆ ಹಗುರಾಗಿದ್ದವು. ಆಗ ಬಂದರು ಅನ್ನಪೂರ್ಣಾ ಅಕ್ಕಾರು. ಗಜೇಂದ್ರಗಡದವರು, ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತರಾಗಿ ಈಗ ನರಗುಂದದಲ್ಲೇ ಇದ್ದರು. ತೊಗರಿಯ ಚೀಲ ಹೊತ್ತು ಅವರ ಹಿಂದೆ ರಿಕ್ಷಾದ ಕಡೆ ನಡೆಯುತ್ತಿದ್ದ ಹುಚ್ಚಪ್ಪನಿಗೆ ತನ್ನ ಜ್ಞಾನವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ.

“ಅಕ್ಕಾರ, ಒಂದು ಕೋಟಿ ಅಂದ್ರ ವನ್ ಬಿಲಿಯನ್ ಅಲ್ರೀ?”

ಅಕ್ಕಾರು ನಡೆಯುವುದನ್ನು ನಿಲ್ಲಿಸಿಬಿಟ್ಟರು. “ಯಾವ ಪುಣ್ಯಾತ್ಮ ಹೇಳಿದ್ನಪಾ?”

ಹುಚ್ಚಪ್ಪ ಕಾಮಾದ ಸೂತ್ರ ಹೇಳಿದ. ಅಕ್ಕಾರು ನಕ್ಕು, ರಿಕ್ಷಾದ ಧೂಳು ಹಿಡಿದ ಹಿಂಭಾಗದ ಮೇಲೆ ಬೆರಳಿನಿಂದ ಬರೆದರು. “ಸೂತ್ರ ತಪ್ಪಲ್ಲ. ಆದ್ರ ಅದು ಇಂಗ್ಲಿಷ್ ಮಂದಿ ಕಾಮಾಕ್ಕ ಹೇಳಿದ್ದು. ಅವ್ರು ಮೂರು ಮೂರು ಅಂಕಿಗೆ ಕಾಮಾ ಹಾಕ್ತಾರ. ನಾವು ಮೊದಲ ಮೂರಕ್ಕ ಹಾಕಿ, ಆಮ್ಯಾಲೆ ಎರಡೆರಡಕ್ಕ ಹಾಕ್ತೀವಿ. ನೀ ಬರದದ್ದು ನಮ್ಮ ಕಾಮಾ, ಓದಿದ್ದು ಅವರ ಸೂತ್ರಲೆ. ಅವರ ಹಂಗ ಬರದ್ರ 10,000,000. ಎಷ್ಟಾದವು ಕಾಮಾ?”

“ಎರಡ್ರೀ,” ಎಂದ ಹುಚ್ಚಪ್ಪ. ಅವನ ದನಿ ಭಾವಿಯೊಳಗಿಂದ ಬಂದಂತಿತ್ತು.

“ಅಂದ್ರ ಟೆನ್ ಮಿಲಿಯನ್.”

“ಬಿಲಿಯನ್ನಿಗೂ ಇದಕ್ಕೂ ಭಾಳ ಫರಕು ಏನ್ರೀ?”

ಪ್ರಶ್ನೆ ಕೇಳಿದ್ದೇ ತಡ, ಅಕ್ಕಾರ ಮೂವತ್ತು ವರ್ಷದ ಮೇಷ್ಟ್ರಗಿರಿ ಮೈತುಂಬ ಎದ್ದು ನಿಂತಿತು. ಅವರು ಆ ಹೆಸರುಕಾಳಿನ ರಾಶಿಯತ್ತ ಕೈ ಮಾಡಿದರು. “ಇದನ್ನಽ ತಗೋ. ಹತ್ತು ಲಕ್ಷ ಕಾಳಿಗೆ ಒಂದು ಮಿಲಿಯನ್. ಅಂದ್ರ ನಲವತ್ತು ಕಿಲೋದ ಒಂದು ಚೀಲ. ನೀ ಒಬ್ಬಾಂವ ಹೊತ್ಕೊಂಡ್ ಹೋಗ್ತಿ. ಸಾವಿರ ಮಿಲಿಯನ್ನಿಗೆ ಒಂದು ಬಿಲಿಯನ್. ಅಂದ್ರ ಅಂಥಾವು ಸಾವಿರ ಚೀಲ. ಹತ್ತು ಟನ್ನಿನ ನಾಕು ಲಾರಿ ಬೇಕು. ಸಾವಿರ ಬಿಲಿಯನ್ನಿಗೆ ಒಂದು ಟ್ರಿಲಿಯನ್. ನಾಕು ಸಾವಿರ ಲಾರಿ. ಇಲ್ಲಿಂದ ಒಂದಕ್ಕೊಂದು ಹಚ್ಚಿ ನಿಲ್ಲಿಸಿದ್ರ ರೋಣಕ್ಕ ಹೋಗಿ ಮುಟ್ಟತಾವು.”

“ಅದರ ಮುಂದ ಐತೇನ್ರೀ?”

“ಐತಲ್ಲ. ಕ್ವಾಡ್ರಿಲಿಯನ್. ನಲವತ್ತು ಲಕ್ಷ ಲಾರಿ. ಸಾಲು ಹಚ್ಚಿದ್ರ ಭೂಮಿಗೆ ಒಂದು ಸುತ್ತು ಬರ್ತಾವು.”

ಹುಚ್ಚಪ್ಪನ ಕೈಯಿಂದ ತೊಗರಿ ಚೀಲ ರಿಕ್ಷಾದೊಳಗೆ ತಾನೇ ಜಾರಿತು. ಇಪ್ಪತ್ತು ವರ್ಷ ಚೀಲ ಹೊತ್ತ ಅವನ ಬೆನ್ನಿಗೆ ಆ ಶಬ್ದಗಳ ಭಾರ ಮೊದಲ ಸಲ ತಿಳಿದಿತ್ತು. ಟಿವಿಯಲ್ಲಿ ಮಿಲಿಯನ್, ಬಿಲಿಯನ್, ಟ್ರಿಲಿಯನ್ ಎಂದು ಓದಿಕೊಂಡು ಹೋಗುವವರೆಲ್ಲ ಒಂದೇ ಉಸಿರಿನಲ್ಲಿ ಒಂದು ಚೀಲದಿಂದ ರೋಣದ ದಾರಿಯವರೆಗೆ ಹಾರುತ್ತಿದ್ದಾರಲ್ಲ! ಎಂಥ ಚಂದದ ಶಬ್ದಗಳು, ಎಷ್ಟು ಚಂದಾಗಿ ತಿಳಿಸಿದರು ಈ ತಾಯಿ ಎಂದು ಅವನ ಕಣ್ಣು ತುಂಬಿ ಬಂತು. ರಿಕ್ಷಾ ಹೋದಮೇಲೆಯೇ ಅವನಿಗೆ ಡಬ್ಬಿಯೊಳಗಿನ ತನ್ನ ನಾಲ್ಕು ಲಾರಿ ನೆನಪಾದದ್ದು.

ಅವನು ಓಡಿದ.

“ಪರಶಪ್ಪಾ, ನನ್ನ ಚೀಟಿ ಒಂದ್ ಸ್ವಲ್ಪ ಕೊಡೊ. ತಿದ್ದಿ ಹಾಕ್ತೀನಿ.”

“ಕೀಲಿ ಸಾವ್ಕಾರ್ರ ಕಡೆ ಐತಿ. ಸಾವ್ಕಾರ್ರು ಬದಾಮಿಗೆ ಹೋಗ್ಯಾರ. ಐದಕ್ಕ ಬರ್ತಾರ.”

“ಹಂಗಾರ ಇನ್ನೊಂದ್ ಚೀಟಿ ಕೊಡು.”

“ಮನಿಗೊಂದಽ,” ಎಂದ ಪರಶಪ್ಪ. ಅವನು ಮಿಲಿಟರಿಗೆ ಸೇರಲು ಮೂರು ಸಲ ಹೋಗಿ, ಎದೆಯಳತೆ ಸಾಲದೆ ಮೂರು ಸಲ ವಾಪಸ್ ಬಂದವನು. ಆ ಮೂರೂ ಸಲದ ಶಿಸ್ತನ್ನೆಲ್ಲ ಎಣ್ಣೆ ಡಬ್ಬಿಯ ಮೇಲೆ ತೀರಿಸುತ್ತಿದ್ದ.

ಹುಚ್ಚಪ್ಪ ಹೊಂಚು ಹಾಕಿದ. ಮೂರು ಗಂಟೆಗೆ ಪರಶಪ್ಪ ಚಹಾ ತರಲು ಎದ್ದ. ಹುಚ್ಚಪ್ಪ ಡಬ್ಬಿಯ ಹತ್ತಿರ ಕುಳಿತು ಸೀಳಿನೊಳಗೆ ಇಣುಕಿದ. ಗುಲಾಬಿ ಚೀಟಿಗಳು ತುಂಬಿ ಮೇಲಿನವರೆಗೆ ಬಂದಿದ್ದವು. ತನ್ನದೇ ಅಕ್ಷರ ಕಂಡಂತೆಯೂ ಆಯಿತು. ಎರಡು ಬೆರಳು ತೂರಿಸಿದ. ಬೆರಳು ಒಳಗೆ ಹೋದವು. ಚೀಟಿ ಸಿಕ್ಕಲಿಲ್ಲ. ಬೆರಳು ಹೊರಗೆ ಬರಲಿಲ್ಲ.

ಪರಶಪ್ಪ ಚಹಾ ಹಿಡಿದು ಬಂದಾಗ ಹುಚ್ಚಪ್ಪ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಹಠಮಾರಿ ಕೂಸನ್ನು ರಮಿಸುವವನಂತೆ ಕೂತಿದ್ದ. ಪರಶಪ್ಪ ಸೀಟಿ ಊದಿದ. ಯಾರ್ಡಿಗೆ ಯಾರ್ಡೇ ಓಡಿಬಂತು.

“ಬೆರಳ್ ಸಿಕ್ಕಾವ? ಸಾಬಾಣ ಹಚ್ರಿ.”

“ತಗಡು ಕತ್ತರಿಸೋ ಕತ್ತರಿ ತರ್ರಿ.”

“ಡಬ್ಬಿ ಕತ್ತರಿಸಿದ್ರ ಸ್ಪರ್ಧಾ ರದ್ದು ಆಕ್ಕೈತಿ,” ಎಂದ ಪರಶಪ್ಪ. “ಬೆರಳಿನ ವಿಚಾರ ನೋಡ್ರಿ.”

ಮಂದಿಯನ್ನು ಸರಿಸಿಕೊಂಡು, ಶೇಂಗಾ ಎಣ್ಣೆಯ ಬಟ್ಟಲು ಹಿಡಿದು ಮುಂದೆ ಬಂದವಳು ಗಿರಣಿಯ ಗಾಳೆವ್ವ. ಅವಳಿಗೆ ಯಾರ ಫಜೀತಿಯಾದರೂ ಕಣ್ಣಾರೆ ನೋಡಬೇಕು, ಕಾರಣವನ್ನು ಕಿವಿಯಾರೆ ಕೇಳಬೇಕು.

“ಯಾಕ್ ಕೈ ಹಾಕಿದ್ಯೋ ಯಪ್ಪಾ? ಕಳ್ಳತನ ಮಾಡೋ ಪೈಕಿ ಅಲ್ಲ ನೀ,” ಎನ್ನುತ್ತ ಎಣ್ಣೆ ಹನಿಸಿದಳು.

ಕಳ್ಳ ಎಂಬ ಮಾತು ಕಿವಿಗೆ ಬಿದ್ದದ್ದೇ ಹುಚ್ಚಪ್ಪ ಎಲ್ಲ ಬಿಚ್ಚಿ ಹೇಳಿದ. ಕಾಮಾ ಹೇಳಿದ. ಚೀಲ ಹೇಳಿದ. ನಾಲ್ಕು ಲಾರಿ ಹೇಳಿದ. ರೋಣದವರೆಗೆ ಲಾರಿ ಸಾಲು ನಿಲ್ಲಿಸಿದ. ಭೂಮಿಗೆ ಸುತ್ತು ಹಾಕಿಸುವ ಹೊತ್ತಿಗೆ ಮಂದಿಯ ಗದ್ದಲ ನಿಂತು, ಹಮಾಲರು ದಲ್ಲಾಳಿಗಳು ಎಲ್ಲ ಕಿವಿಗೊಟ್ಟು ಕೇಳುತ್ತಿದ್ದರು. ಬೆರಳು ಡಬ್ಬಿಯಲ್ಲಿ ಸಿಕ್ಕಿವೆ ಎಂಬುದನ್ನು ಅವನೂ ಮರೆತಿದ್ದ. ಮರೆತು ಕೈ ಸಡಿಲ ಬಿಟ್ಟದ್ದಕ್ಕೇ ಇರಬೇಕು, ಬೆರಳು ಜಾರಿ ಹೊರಬಂದವು.

“ಅಂದ್ರ ನೀ ಬರದದ್ದು ತಪ್ಪು. ಬರೀಬೇಕಾದ್ದು ಏನ್ ಅಂದೆಪಾ?” ಎಂದಳು ಗಾಳೆವ್ವ.

“ಟೆನ್ ಮಿಲಿಯನ್, ದೊಡ್ಡವ್ವ.”

ಗಾಳೆವ್ವ ಸೆರಗಿನ ಗಂಟು ಬಿಚ್ಚಿ ತನ್ನ ಖಾಲಿ ಗುಲಾಬಿ ಚೀಟಿ ತೆಗೆದಳು. “ಹಂಗಾರ ಇದರ ಮ್ಯಾಲ ಅದನ್ನ ಬರದ್ ಬಿಡು. ನಿನ್ನ ಚೀಟಿ ಹಾಳಾತು, ವಿದ್ಯಾ ಯಾಕ್ ಹಾಳಾಗಬೇಕು?”

ಉಳಿದವರೆಲ್ಲ ತಮ್ಮ ಚೀಟಿಯನ್ನು ಬೆಳಿಗ್ಗೆಯೇ ಡಬ್ಬಿಗೆ ಹಾಕಿ ಕೈ ತೊಳೆದುಕೊಂಡವರು. ಹುಚ್ಚಪ್ಪನ ಬಲಗೈ ಬೆರಳು ಬದನೆಕಾಯಿಯಾಗಿದ್ದವು. ಎಡಗೈಯಲ್ಲೇ ತಿದ್ದಿ ತೀಡಿ ಬರೆದುಕೊಟ್ಟ. ಮನಸ್ಸಿಗೆ ನೋವಾಯಿತು. ಆದರೆ ಸರಿಯಾದ ಉತ್ತರವೊಂದು ಯಾರ ಹೆಸರಲ್ಲಾದರೂ ಡಬ್ಬಿಯೊಳಗೆ ಇರಲಿ ಎಂದೂ ಅನ್ನಿಸಿತು. ಹೊಸ ವಿದ್ಯೆ ಕಲಿತವನಿಗೆ ಅದನ್ನು ಬಚ್ಚಿಡುವ ಬುದ್ಧಿ ಅಷ್ಟು ಲಗೂನೆ ಬರುವುದಿಲ್ಲ.

ಐದಕ್ಕೆ ಸಾವ್ಕಾರರು ಬಂದರು. ಮೈಕು ಬಂತು. ಕಳಕವ್ವ ಹೊಲದಿಂದ ಸೀದಾ ಬಂದು, ಕುಡಗೋಲನ್ನು ಬುಟ್ಟಿಯಲ್ಲಿಟ್ಟುಕೊಂಡೇ ಗಂಡನ ಪಕ್ಕದಲ್ಲಿ ಕೂತಳು. ಅವಳ ಕಣ್ಣೆಲ್ಲ ಗಿರಣಿಯ ಮೇಲಿತ್ತು. ಹುಚ್ಚಪ್ಪ ಎಣ್ಣೆಯ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ಒದ್ದಾಡುತ್ತಿದ್ದ.

ಸಾವ್ಕಾರರು ಕನ್ನಡಕ ಏರಿಸಿ, ಅರಗಿನ ಮುದ್ರೆ ಒಡೆದು, ಲಕೋಟೆಯೊಳಗಿನ ಹಾಳೆ ತೆಗೆದು ಓದಿದರು: “ಸರಿಯಾದ ಉತ್ತರ… ವನ್ ಬಿಲಿಯನ್!”

ಕಳಕವ್ವ ಕೂತಲ್ಲೇ ನೆಟ್ಟಗಾದಳು. ಬೆಳಿಗ್ಗೆ ಬಾಯಿಪಾಠ ಮಾಡಿದ ಮಾತು! ಗಿರಣಿ ಬಂತು, ಮೊಣಕಾಲಿಗೆ ಬಿಡುಗಡೆ ಬಂತು. ಸಂತೋಷಕ್ಕೆ ಗಂಡನ ತೋಳು ಹಿಡಿಯಲು ಕೈ ಚಾಚಿದಳು. ತೋಳು ಅಲ್ಲಿರಲಿಲ್ಲ. ಹುಚ್ಚಪ್ಪ ಎದ್ದು ನಿಂತಿದ್ದ.

“ತಪ್ಪೈತ್ರಿ ಸಾವ್ಕಾರ್ರ!”

“ಕುಂದರ್ರಿ!” ಎಂದು ಕಳಕವ್ವ ಅಂಗಿ ಜಗ್ಗಿದಳು.

“ಬಿಲಿಯನ್ ಆಗಬೇಕಂದ್ರ ಇಂಥಾವು ನಾಕು ಲಾರಿ ಬೇಕ್ರಿ!”

“ಏನ್ರೀ, ಸುಮ್ನ ಕುಂದರ್ರಿ ಅಂತೀನಿ!” ಅಂಗಿಯ ಹೊಲಿಗೆ ಬಿಟ್ಟಿತು.

ಹುಚ್ಚಪ್ಪ ಕೂಡಲಿಲ್ಲ. ರಾಶಿಯ ಹತ್ತಿರ ಹೋಗಿ, ಬೊಗಸೆಯಲ್ಲಿ ಕಾಳು ತುಂಬಿಕೊಂಡು, ಗ್ರಾಮಿನಿಂದ ಕಿಲೋಕ್ಕೆ, ಕಿಲೋದಿಂದ ಚೀಲಕ್ಕೆ, ಚೀಲದಿಂದ ಲಾರಿಗೆ ಏರಿಸಿದ. ಬೋರ್ಡಿನ ಹಿಂದೆ ಸೀಮೆಸುಣ್ಣದಲ್ಲಿ ಕೋಟಿಯನ್ನು ನಮ್ಮ ಕಾಮಾ ಹಾಕಿ ಬರೆದ, ಅದರ ಕೆಳಗೆ ಅವರ ಕಾಮಾ ಹಾಕಿ ಬರೆದ. ಅವನ ಜೀವನದಲ್ಲಿ ಅಷ್ಟು ಚಂದಾಗಿ ಅವನು ಎಂದೂ ಮಾತಾಡಿರಲಿಲ್ಲ. ಮಂದಿ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಹಿಂದೆ ನಿಂತಿದ್ದ ರಾಜರತ್ನ ಮಾತ್ರ ಗಾಳಿಯಲ್ಲಿ ಬೆರಳಾಡಿಸಿ ಕಾಮಾ ಎಣಿಸುತ್ತ ಮೆಲ್ಲಗೆ ಅಂಗಡಿಯ ಕಡೆ ಸರಿದ. ಸಾವ್ಕಾರರು ಕೋಟಿಯ ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದರು. ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದು ರಾಜರತ್ನನ ಕಡೆಯಿಂದ.

ಕನಕರಾಜ ಸಾವ್ಕಾರರು ಪ್ರಾಮಾಣಿಕ ಮನುಷ್ಯ. ಬೋರ್ಡನ್ನು ಎರಡು ಸಲ ನೋಡಿ, ಹಾಳೆಯನ್ನು ಹರಿದು ಹಾಕಿದರು. “ಶಾಬಾಸ್ ಹುಚ್ಚಪ್ಪ! ದುಬೈದಾಗ ನನ್ನ ಮಾನ ಉಳಿಸಿದಿ. ಸರಿಯಾದ ಉತ್ತರ ಟೆನ್ ಮಿಲಿಯನ್. ಡಬ್ಬಿ ತಗೀರಿ.”

ಚೀಟಿಗಳು ಒಂದೊಂದಾಗಿ ಹೊರಬಂದವು. ಫೈವ್ ಥೌಸಂಡ್. ಟೂ ಮಿಲಿಯನ್. ಒಬ್ಬ ‘ಮೆನಿ ಮೆನಿ’ ಎಂದು ಬರೆದು ಸಹಿ ಮಾಡಿದ್ದ. ಆಮೇಲೆ ದಪ್ಪ ಅಕ್ಷರದ ಚೀಟಿ ಬಂತು. ಪರಶಪ್ಪ ದೊಡ್ಡ ದನಿಯಲ್ಲಿ ಓದಿದ: “ವನ್ ಬಿಲಿಯನ್. ಹುಚ್ಚಪ್ಪ.”

ಯಾರ್ಡಿನಲ್ಲಿ ಎದ್ದ ನಗುವಿಗೆ ಊರ ಗುಡ್ಡದ ಮೇಲಿನ ಕೋಟೆಯ ಕಲ್ಲೂ ನಕ್ಕಿರಬೇಕು. ಹುಚ್ಚಪ್ಪ ಹೆಂಡತಿಯ ಮುಖ ನೋಡಿದ. ಆಗ ಅವನಿಗೆ ತಿಳಿಯಿತು, ಅಂಗಿ ಯಾಕೆ ಹರಿಯಿತು ಎಂದು.

ಎಡಗೈಯಲ್ಲಿ ಬರೆದ ಚೀಟಿ ಗೆದ್ದಿತು. ಗಾಳೆವ್ವ ಎರಡನೇ ಗಿರಣಿಯ ಒಡತಿಯಾಗಿ, ಇನ್ನು ಮೆಣಸಿನಕಾಯಿಗೊಂದು ಬ್ಯಾರೆ ಗಿರಣಿ ಆತು ಎಂದು ಸಾರುತ್ತ ಅದನ್ನು ಗಾಡಿಗೆ ಹೇರಿಸಿದಳು. ಹೇರಿದವನು ಹುಚ್ಚಪ್ಪನೇ. ಯಾರ್ಡಿನ ಹಮಾಲ ಅವನಲ್ಲವೇ? ಸಾವ್ಕಾರರು ಅವನಿಗೆ ಶಾಲು ಹೊದಿಸಿ ಮೈಕಿನಲ್ಲಿ ಘೋಷಿಸಿದರು, ಇನ್ನು ಪ್ರತಿ ವರ್ಷ ಸ್ಪರ್ಧೆಯ ಉತ್ತರ ಸಿದ್ಧಮಾಡುವ ಗೌರವ ಹುಚ್ಚಪ್ಪನದೇ ಎಂದು.

ಮನೆಯ ದಾರಿಯಲ್ಲಿ ಕಳಕವ್ವ ಬುಟ್ಟಿ ಹೊತ್ತು ಮುಂದೆ, ಹುಚ್ಚಪ್ಪ ಶಾಲು ಹೊದ್ದು ಹಿಂದೆ. ಕೋಟೆ ಗುಡ್ಡದ ನೆರಳು ದಾಟಿದರು. ಕೊನೆಗೆ ಅವಳೇ ನಿಂತಳು.

“ಆ ನಾಕು ಲಾರಿ ಮಾತು ಭಾಳ ಚಲೋ ಹೇಳಿದ್ರಿ,” ಎಂದಳು. ದನಿಯಲ್ಲಿ ಸಿಟ್ಟಿತ್ತು. ಆದರೆ ಕಣ್ಣಲ್ಲಿದ್ದದ್ದು ಬೇರೆ. “ಅಷ್ಟ್ ಮಂದಿ ಮುಂದ ನನ್ನ ಗಂಡ ಮಾತಾಡೂದು ನೋಡಿ ನನಗ ಎದಿ ತುಂಬಿ ಬಂತು. ಖರೇ ಹೇಳ್ತೀನಿ.”

ಹುಚ್ಚಪ್ಪನಿಗೆ ಹೋದ ಜೀವ ಬಂದಂತಾಯಿತು. “ಬಿಡು, ಬರೋ ವರ್ಷ ಗಿರಣಿ ನಮ್ದಽ. ಉತ್ತರ ತಯಾರ್ ಮಾಡಾಂವ ನಾನಽ ಅಲ್ಲೇನು?”

ಕಳಕವ್ವ ಬಹಳ ಮೆಲ್ಲಗೆ, ಸಣ್ಣ ಹುಡುಗರಿಗೆ ಮಗ್ಗಿ ಹೇಳಿಕೊಡುವವರಂತೆ ಹೇಳಿದಳು.

“ಉತ್ತರ ತಯಾರ್ ಮಾಡಾವ್ರ ಮನ್ಯಾಗಿಂದ ಯಾರೂ ಚೀಟಿ ಹಾಕಂಗಿಲ್ರಿ.”